ಕುದ್ಮುಲ್ ರಂಗರಾಯರ ಶಾಲೆ: ಕೈಗೆ ಕಸುಬು, ಸಭೆಯಲ್ಲಿ ಸ್ಥಾನ

ಬೋಧನಾಭ್ಯಾಸಕ್ಕೆಂದು ಶ್ರೀಮಂಗಲ ಹೋಬಳಿಯ ಒಂದು ಪ್ರೌಢಶಾಲೆಗೆ ನಾನು ಹೋದದ್ದು ಜೂನ್ ತಿಂಗಳಲ್ಲಿ, ಮಳೆ ಹಿಡಿದ ಮೊದಲ ವಾರ. ಒಂಬತ್ತು ಮತ್ತು ಹತ್ತನೇ ತರಗತಿಗೆ ವಿಜ್ಞಾನ ಪಾಠ ಮಾಡುವುದರ ಜೊತೆಗೆ ಇನ್ನೆರಡು ಹೊಣೆಗಳು ನನ್ನ ಪಾಲಿಗೆ ಬಂದವು. ಒಂದು, ಶಾಲಾ ಸಂಸತ್ತಿನ ಚುನಾವಣೆ ನಡೆಸಿಕೊಡುವುದು. ಇನ್ನೊಂದು, ವೃತ್ತಿ ಸಂಘವನ್ನು ನೋಡಿಕೊಳ್ಳುವುದು. ಸಂಘದ ಮಕ್ಕಳು ಮಾರ್ಚ್ ತಿಂಗಳಲ್ಲಿ ಕರಿಮೆಣಸಿನ ಬಳ್ಳಿಯನ್ನು ಎರಡು ಮೂರು ಗೆಣ್ಣಿನ ತುಂಡುಗಳಾಗಿ ಕತ್ತರಿಸಿ ಪ್ಲಾಸ್ಟಿಕ್ ಚೀಲಗಳಲ್ಲಿ ನೆಟ್ಟಿದ್ದರು. ಬೇರು ಬಿಟ್ಟ ಸಸಿಗಳನ್ನು ಸುತ್ತಲಿನ ತೋಟದವರಿಗೆ ಮಾರುವ ಕಾಲ ಅದು. ಖಾಲಿಯಾದ ಜಾಗಕ್ಕೆ ಹೊಸ ಚೀಲ ತುಂಬಬೇಕಿತ್ತು. ಎರಡು ಪಾಲು ಮಣ್ಣು, ಒಂದು ಪಾಲು ಮರಳು, ಒಂದು ಪಾಲು ಕೊಟ್ಟಿಗೆ ಗೊಬ್ಬರ.

ಎರಡೂ ಕೆಲಸಗಳನ್ನು ನಾನು ಉತ್ಸಾಹದಿಂದಲೇ ಮಾಡಿದೆ. ಸಂಸತ್ತಿಗೆ ನಿಲ್ಲುವವರು ಬೆಳಗಿನ ಪ್ರಾರ್ಥನಾ ಸಭೆಯಲ್ಲಿ ಚೀಟಿ ನೋಡದೆ ಮೂರು ನಿಮಿಷ ಮಾತನಾಡಬೇಕೆಂದು ನಿಯಮ ಮಾಡಿದೆ. ವೃತ್ತಿ ಸಂಘದಲ್ಲಿ ಯಾರ ಕೈ ಚುರುಕೋ ಅವರಿಗೆ ಮಣ್ಣು ತುಂಬುವ, ನೀರು ಹಾಕುವ ಕೆಲಸ ಕೊಟ್ಟೆ. ಯಾರ ಅಕ್ಷರ ಚೆನ್ನಾಗಿದೆಯೋ ಅವರಿಗೆ ಲೆಕ್ಕ ಬರೆಯುವ, ಹಣ ಎಣಿಸುವ ಕೆಲಸ ಕೊಟ್ಟೆ. ಎರಡು ವಾರದ ಮೇಲೆ ವರದಿ ಬರೆಯಲು ಎರಡು ವಹಿಗಳನ್ನೂ ಪಕ್ಕಪಕ್ಕ ಇಟ್ಟುಕೊಂಡು ಕೂತಾಗ ಒಂದು ಸಂಗತಿ ಕಣ್ಣಿಗೆ ಬಿತ್ತು. ಮಣ್ಣು ತುಂಬಿದವರ ಪಟ್ಟಿಯ ಒಂದು ಹೆಸರೂ ಸಂಸತ್ತಿನ ಮಂತ್ರಿಗಳ ಪಟ್ಟಿಯಲ್ಲಿ ಇರಲಿಲ್ಲ. ಮಣ್ಣು ತುಂಬಿದವರಲ್ಲಿ ಬಹುಪಾಲು ಕಾಫಿ ತೋಟದ ಲೈನ್ ಮನೆಗಳಿಂದ ಬರುವ ಮಕ್ಕಳು, ಎರವರು, ಕುರುಬರು. ಆ ಪಟ್ಟಿಗಳನ್ನು ಮಾಡಿದ್ದು ಬೇರೆ ಯಾರೂ ಅಲ್ಲ, ನಾನೇ.

ಆ ರಾತ್ರಿ ನನಗೆ ನೆನಪಾದದ್ದು ಮಂಗಳೂರಿನ ಪುರಭವನ. ಬಿ.ಎಸ್ಸಿ. ಓದುವಾಗ ಅದರ ಮುಂದೆ ಎಷ್ಟೋ ಸಲ ನಡೆದು ಹೋಗಿದ್ದೇನೆ. ಕಟ್ಟಡದ ಮೇಲಿನ ಕುದ್ಮುಲ್ ರಂಗರಾವ್ ಎಂಬ ಹೆಸರನ್ನು ಓದಿ ಮುಂದೆ ಸಾಗಿದ್ದೇನೆಯೇ ಹೊರತು ಆತ ಯಾರೆಂದು ನಿಂತು ಕೇಳಿದ್ದಿಲ್ಲ. ಬೋಧನಾಭ್ಯಾಸದ ಉಳಿದ ವಾರಗಳಲ್ಲಿ ಅವರ ಜೀವನವನ್ನು ಓದಿಕೊಂಡೆ, ಮಕ್ಕಳಿಗೂ ಹೇಳಿದೆ. ವೃತ್ತಿ ಶಿಕ್ಷಣ, ವಿದ್ಯಾರ್ಥಿ ಪ್ರಾತಿನಿಧ್ಯ ಎಂದು ನಾವು ಬೇರೆ ಬೇರೆ ಅಧ್ಯಾಯಗಳಲ್ಲಿ ಓದುವ ಎರಡು ವಿಷಯಗಳನ್ನು ಒಂದೇ ಬದುಕಿನಲ್ಲಿ ಕೂಡಿಸಿ ನಡೆಸಿದವರು ಅವರು. ಅದಕ್ಕಾಗಿಯೇ ಈ ಲೇಖನ.

ಎಂಟು ರೂಪಾಯಿ ಸಂಬಳದ ಶಿಕ್ಷಕ

ರಂಗರಾಯರು ಹುಟ್ಟಿದ್ದು 1859ರ ಜೂನ್ 29ರಂದು, ಈಗ ಕೇರಳಕ್ಕೆ ಸೇರಿರುವ ಕಾಸರಗೋಡಿನ ಕುದ್ಮುಲ್ ಎಂಬ ಹಳ್ಳಿಯಲ್ಲಿ. ಅದು ಸಾರಸ್ವತ ಬ್ರಾಹ್ಮಣ ಮನೆತನ. ಮನೆಯಲ್ಲಿ ಹೇಳಿಕೊಳ್ಳುವಂಥ ಸ್ಥಿತಿವಂತಿಕೆ ಇರಲಿಲ್ಲ. ಹದಿಹರೆಯದಲ್ಲೇ ತಂದೆಯನ್ನು ಕಳೆದುಕೊಂಡು, ಹೊಟ್ಟೆಪಾಡಿಗಾಗಿ ಮಂಗಳೂರಿಗೆ ಬಂದರು. ಅಲ್ಲಿ ಮೊದಲು ಸಿಕ್ಕ ಕೆಲಸ ಶಿಕ್ಷಕನದು, ತಿಂಗಳಿಗೆ ಎಂಟು ರೂಪಾಯಿ. ಮುಂದೆ ಸಾವಿರಾರು ಮಕ್ಕಳ ಶಾಲೆಯ ದಾರಿ ತೆರೆದ ಈ ಮನುಷ್ಯ ವೃತ್ತಿ ಆರಂಭಿಸಿದ್ದು ನಮ್ಮ ನಿಮ್ಮ ಹಾಗೆ ಕರಿಹಲಗೆಯ ಮುಂದೆ ಎಂಬುದು ನಮಗೆ ಮುಖ್ಯ.

ಪಾಠ ಹೇಳುತ್ತಲೇ ಖಾಸಗಿಯಾಗಿ ಓದಿ ಮೆಟ್ರಿಕ್ಯುಲೇಶನ್ ಮುಗಿಸಿದರು. ಬಳಿಕ ವಕೀಲಿ ಪರೀಕ್ಷೆ ಪಾಸು ಮಾಡಿ ಮಂಗಳೂರಿನ ನ್ಯಾಯಾಲಯದಲ್ಲಿ ಎರಡನೇ ದರ್ಜೆಯ ಪ್ಲೀಡರ್ ಆದರು. ಬಡವರ ವಕೀಲ ಎಂದು ಊರಲ್ಲಿ ಹೆಸರಾಯಿತು. ದುಡ್ಡಿಲ್ಲದವರ ಮೊಕದ್ದಮೆಗಳನ್ನು ಕೈಗೆತ್ತಿಕೊಂಡಷ್ಟೂ ಊರಿನ ಇನ್ನೊಂದು ಮುಖ ಅವರ ಕಣ್ಣಿಗೆ ಬೀಳುತ್ತ ಹೋಯಿತು.

ಆ ಕಾಲದ ಮಂಗಳೂರು ಹೊಸ ವಿಚಾರಗಳು ಬಂದು ಇಳಿಯುತ್ತಿದ್ದ ಊರು. ಬಾಸೆಲ್ ಮಿಷನ್ 1834ರಲ್ಲೇ ಅಲ್ಲಿಗೆ ಬಂದಿತ್ತು. ಶಾಲೆಯ ಜೊತೆಗೆ ಮಗ್ಗ, ಮುದ್ರಣ, ಹೆಂಚಿನ ಕೆಲಸವನ್ನೂ ಜನರ ಕೈಗೆ ಕೊಟ್ಟಿತ್ತು. ಜೆಪ್ಪುವಿನ ಹೆಂಚಿನ ಕಾರ್ಖಾನೆ 1865ರದು. 1870ರಲ್ಲಿ ಉಳ್ಳಾಲ ರಘುನಾಥಯ್ಯನವರ ಮುಂದಾಳತ್ವದಲ್ಲಿ ಬ್ರಹ್ಮಸಮಾಜವೂ ಮಂಗಳೂರಿನಲ್ಲಿ ನೆಲೆಯೂರಿತು. ದೇವರ ಮುಂದೆ ಜಾತಿಭೇದವಿಲ್ಲ, ವಿಧವೆಯರಿಗೆ ಮರುಮದುವೆ ಆಗಬೇಕು, ಹೆಣ್ಣುಮಕ್ಕಳು ಓದಬೇಕು ಎಂಬ ಅದರ ತತ್ವಗಳಿಗೆ ರಂಗರಾಯರು ಮನಸೋತರು. ಬ್ರಹ್ಮಸಮಾಜಕ್ಕೆ ಸೇರಿದವರು ಅವರೊಬ್ಬರೇ ಅಲ್ಲ. ಆದರೆ ತತ್ವವನ್ನು ಭಾನುವಾರದ ಪ್ರಾರ್ಥನೆಯಿಂದ ಆಚೆಗೆ, ದಲಿತ ಕೇರಿಗಳ ತನಕ ಹೊತ್ತು ನಡೆದವರಲ್ಲಿ ಅವರ ಹೆಸರು ಮೊದಲು ಬರುತ್ತದೆ.

ಬೆಂದೂರು ಬಾಬು ಕಲಿಸಿದ ಪಾಠ

ಮಂಗಳೂರಿನಲ್ಲಿ ಬೆಂದೂರು ಬಾಬು ಎಂಬ ದಲಿತ ಯುವಕನಿದ್ದ. ಆ ಕಾಲಕ್ಕೆ ಅಪರೂಪವೆನ್ನುವಂತೆ ನಾಲ್ಕನೇ ತರಗತಿಯವರೆಗೆ ಓದಿದ್ದ. ಆ ಓದಿನ ಬಲದಿಂದ ನ್ಯಾಯಾಲಯದಲ್ಲಿ ಅವನಿಗೆ ಜವಾನನ ಕೆಲಸ ಸಿಕ್ಕಿತು. ಜವಾನನೆಂದರೆ ಕಡತ ಎತ್ತಿಕೊಡಬೇಕು, ಕೋಣೆಯಿಂದ ಕೋಣೆಗೆ ಓಡಾಡಬೇಕು, ಎಲ್ಲರ ನಡುವೆ ನಿಲ್ಲಬೇಕು. ಮೇಲ್ಜಾತಿಯ ಜನ ಅದನ್ನು ಸಹಿಸಲಿಲ್ಲ. ಗದ್ದಲವೆದ್ದಿತು, ಬಾಬು ಆ ಕೆಲಸದಲ್ಲಿ ಉಳಿಯಲಾಗಲಿಲ್ಲ.

ಅದೇ ನ್ಯಾಯಾಲಯದ ವೃತ್ತಿಯಲ್ಲಿದ್ದ ರಂಗರಾಯರನ್ನು ಈ ಪ್ರಸಂಗ ಬಹಳ ಕಲಕಿತು. ಅವರ ಮುಂದಿನ ಮೂವತ್ತೈದು ವರ್ಷದ ಕೆಲಸವನ್ನು ನೋಡಿದರೆ ಇದರಿಂದ ಅವರು ಎರಡು ಪಾಠ ಕಲಿತರೆಂದು ನನಗೆ ಅನ್ನಿಸುತ್ತದೆ. ಮೊದಲನೆಯದು, ಒಬ್ಬ ಬಾಬು ಓದಿದರೆ ಸಾಲದು, ಅವನನ್ನು ಒಂಟಿ ಮಾಡಿ ಹೊರಗೆ ಹಾಕುವುದು ಸುಲಭ. ಓದಿದವರು ಹತ್ತಾರು ಮಂದಿ ಇರಬೇಕು. ಎರಡನೆಯದು, ಅಕ್ಷರ ಬಂದ ಮಾತ್ರಕ್ಕೆ ಕೆಲಸದ ಬಾಗಿಲು ತೆರೆಯುವುದಿಲ್ಲ. ಇನ್ನೊಬ್ಬರ ಕೃಪೆ ಕಾಯದೆ ಬದುಕುವಂಥ ಕಸುಬು ಕೈಯಲ್ಲಿರಬೇಕು, ಬಾಗಿಲು ತೆರೆಯುವ ಮುಚ್ಚುವ ನಿರ್ಧಾರ ನಡೆಯುವ ಕಡೆ ತಮ್ಮವರೊಬ್ಬರು ಕೂತಿರಬೇಕು.

ಉರ್ವ ಚಿಲಿಂಬಿಯ ಬಾಡಿಗೆ ಮನೆ

1892ರಲ್ಲಿ ಮಂಗಳೂರಿನ ಉರ್ವ ಚಿಲಿಂಬಿಯಲ್ಲಿ ಬಾಡಿಗೆ ಮನೆಯೊಂದನ್ನು ಹಿಡಿದು ರಂಗರಾಯರು ದಲಿತ ಮಕ್ಕಳಿಗಾಗಿ ಪ್ರಾಥಮಿಕ ಶಾಲೆ ತೆರೆದರು. ಡಾ. ಅಂಬೇಡ್ಕರ್ ಅವರಿಗೆ ಆಗ ಒಂದು ವರ್ಷ. ಗಾಂಧೀಜಿ ಇನ್ನೂ ದಕ್ಷಿಣ ಆಫ್ರಿಕಾಕ್ಕೆ ಹಡಗು ಹತ್ತಿರಲಿಲ್ಲ. ಅಸ್ಪೃಶ್ಯತೆಯ ಪ್ರಶ್ನೆ ರಾಷ್ಟ್ರೀಯ ಚಳವಳಿಯ ಕಾರ್ಯಕ್ರಮವಾಗಲು ಇನ್ನೂ ಎರಡೂವರೆ ದಶಕ ಬೇಕಿತ್ತು. ಈ ಕಾಲಸೂಚಿಯನ್ನು ಮನಸ್ಸಿನಲ್ಲಿಟ್ಟುಕೊಂಡರೆ ಮಾತ್ರ ಆ ಬಾಡಿಗೆ ಮನೆಯ ಶಾಲೆ ಎಷ್ಟು ಒಂಟಿಯಾಗಿತ್ತೆಂದು ತಿಳಿಯುತ್ತದೆ.

ಶಾಲೆ ತೆರೆದರೂ ಶಿಕ್ಷಕರು ಸಿಗಲಿಲ್ಲ. ಮೇಲ್ಜಾತಿಯವರು ಆ ಮಕ್ಕಳಿಗೆ ಪಾಠ ಹೇಳಲು ಒಪ್ಪಲಿಲ್ಲ. ಕ್ರೈಸ್ತ ಶಿಕ್ಷಕರನ್ನು ಕರೆತಂದು ತರಗತಿ ನಡೆಸಿದರು. ಊರಿನ ವಿರೋಧ ಎಷ್ಟು ಬಲವಾಗಿತ್ತೆಂದರೆ ಶಾಲೆ ಒಂದೇ ಕಡೆ ನಿಲ್ಲಲಾಗಲಿಲ್ಲ. ಚಿಲಿಂಬಿಯಿಂದ ಕಂಕನಾಡಿಗೆ, ಅಲ್ಲಿಂದ ಕೊನೆಗೆ ಕೋರ್ಟ್ ಗುಡ್ಡದ ಕಡೆಗೆ ಅದು ಸರಿಯಿತು.

ಮಕ್ಕಳು ಸಿಗುವುದೂ ಸುಲಭವಿರಲಿಲ್ಲ. ಆರೇಳು ವರ್ಷಕ್ಕೇ ದನ ಕಾಯುವ, ಒಡೆಯನ ಗದ್ದೆಯಲ್ಲಿ ದುಡಿಯುವ ಮಗುವನ್ನು ಶಾಲೆಗೆ ಕಳುಹಿಸಿದರೆ ಆ ದಿನದ ಅಂಬಲಿಗೆ ಕುತ್ತು. ಕಲಿಯುವುದರಿಂದ ಆಗುವ ಲಾಭ ಹತ್ತು ವರ್ಷದಾಚೆಯದು, ಹಸಿವು ಮಾತ್ರ ಇವತ್ತಿನದು. ರಂಗರಾಯರು ಇದನ್ನು ಪೋಷಕರ ಅಜ್ಞಾನವೆಂದು ಬಗೆಯಲಿಲ್ಲ, ಲೆಕ್ಕವೆಂದು ಬಗೆದರು. ಶಾಲೆಗೆ ಬಂದ ಮಗುವಿನ ಕೈಗೆ ದಿನಕ್ಕಿಷ್ಟು ಪೈಸೆಯೆಂದು ಕೊಡುವ ಏರ್ಪಾಡು ಮಾಡಿದರು. ಮಧ್ಯಾಹ್ನ ಶಾಲೆಯಲ್ಲೇ ಊಟ ಹಾಕಿಸಿದರು. ಇಂದು ಅಕ್ಷರ ದಾಸೋಹದ ಅಡುಗೆಮನೆ ಇಲ್ಲದ ಸರಕಾರಿ ಶಾಲೆಯನ್ನು ನಾವು ಊಹಿಸಲಾರೆವು. ಆ ಊಟದ ಹಿಂದಿನ ತರ್ಕವನ್ನು ಮಂಗಳೂರಿನ ಒಬ್ಬ ವಕೀಲರು ಒಂದು ಶತಮಾನಕ್ಕೂ ಮೊದಲೇ ಕಂಡುಕೊಂಡಿದ್ದರು.

ಇನ್ನೊಂದು ಮಾತನ್ನು ಇಲ್ಲಿ ಸೇರಿಸಬೇಕು. ಆ ಮಕ್ಕಳ ಮನೆಮಾತು ತುಳು. ಶಾಲೆಯ ಪುಸ್ತಕ ಕನ್ನಡದ್ದು. ಶ್ರೀಮಂಗಲದಲ್ಲಿ ಎರವ ಮಾತಿನ ಮನೆಯಿಂದ ಬಂದು ಕನ್ನಡದಲ್ಲಿ ವಿಜ್ಞಾನ ಬರೆಯಬೇಕಾದ ಮಕ್ಕಳನ್ನು ಕಂಡಿರುವ ನನಗೆ ಆ ತರಗತಿಯ ಮೌನ ಹೇಗಿದ್ದೀತೆಂದು ಊಹಿಸುವುದು ಕಷ್ಟವಾಗಲಿಲ್ಲ.

ಕೋರ್ಟ್ ಗುಡ್ಡದ ಕಸುಬಿನ ಶಾಲೆ

1897ರಲ್ಲಿ ಈ ಎಲ್ಲ ಕೆಲಸಕ್ಕೂ ಒಂದು ಸಂಸ್ಥೆಯ ರೂಪ ಬಂತು. ಅದರ ಹೆಸರು ಡಿಪ್ರೆಸ್ಡ್ ಕ್ಲಾಸಸ್ ಮಿಷನ್. ಊರಿನವರ ಬಾಯಲ್ಲಿ ಅದು ಡಿ.ಸಿ.ಎಂ. ಆಯಿತು. ಮಂಗಳೂರಿನ ಸುತ್ತಮುತ್ತ, ಮೂಲ್ಕಿ, ಉಡುಪಿಯ ಕಡೆಗೂ ಅದರ ಶಾಲೆಗಳು ಹರಡಿದವು. ದೂರದ ಮಕ್ಕಳಿಗೆ ವಿದ್ಯಾರ್ಥಿನಿಲಯ ಬಂತು. ಹೆಣ್ಣುಮಕ್ಕಳಿಗೂ ಪ್ರತ್ಯೇಕ ವ್ಯವಸ್ಥೆಯಾಯಿತು.

ಓದು, ಬರಹ, ಲೆಕ್ಕದ ಜೊತೆಗೆ ಮಿಷನ್ನಿನ ಕೈಗಾರಿಕಾ ವಿಭಾಗದಲ್ಲಿ ನೇಯ್ಗೆ, ಮರಗೆಲಸ, ರೇಷ್ಮೆ ಸಾಕಣೆ, ತೋಟಗಾರಿಕೆಯಂಥ ಕಸುಬುಗಳನ್ನು ಕಲಿಸಿದರು. ಯಾವ ಕಸುಬುಗಳನ್ನು ಆರಿಸಿಕೊಂಡರು ಎಂಬುದನ್ನು ಗಮನಿಸಬೇಕು. ಆ ಮಕ್ಕಳ ತಂದೆ ತಾಯಿಯರ ಪಾಲಿಗೆ ಜಾತಿ ಹಾಕಿಕೊಟ್ಟ ಕೆಲಸಗಳು ಬೇರೆ ಇದ್ದವು: ಗದ್ದೆಯ ಜೀತ, ಚರಂಡಿ, ಸತ್ತ ದನ, ಹೊಲಸು ಹೊರುವುದು. ಶಾಲೆ ಅವುಗಳನ್ನೇ ಚೆನ್ನಾಗಿ ಮಾಡುವುದನ್ನು ಕಲಿಸಲಿಲ್ಲ. ಜಾತಿ ಯಾವ ಸಲಕರಣೆಗಳನ್ನು ಅವರ ಕೈಗೆ ಕೊಟ್ಟಿರಲಿಲ್ಲವೋ ಅಂಥವನ್ನು ಕೊಟ್ಟಿತು. ಮಗ್ಗದ ಮುಂದೆ ಕೂತ ಹುಡುಗ ನೂಲಿನ ಎಳೆ ಎಣಿಸಬೇಕು, ಉದ್ದ ಅಗಲ ಅಳೆಯಬೇಕು, ಬಟ್ಟೆಯ ಬೆಲೆ ಕಟ್ಟಬೇಕು. ಬಡಗಿಯ ಕೆಲಸ ಕಲಿಯುವವನಿಗೆ ಕೋನ, ಅಳತೆ ಬೇಕು. ಗಣಿತದ ತರಗತಿಗೂ ಕೆಲಸದ ಕೊಟ್ಟಿಗೆಗೂ ನಡುವೆ ಗೋಡೆ ಉಳಿಯುವುದಿಲ್ಲ.

ನಮ್ಮ ಶಿಕ್ಷಣ ಇತಿಹಾಸದ ಪತ್ರಿಕೆಯಲ್ಲಿ ಕೈಕೆಲಸದ ಶಿಕ್ಷಣ 1937ರ ವಾರ್ಧಾ ಸಮ್ಮೇಳನದಿಂದ, ಗಾಂಧೀಜಿಯ ನಯೀ ತಾಲೀಮಿನಿಂದ ಶುರುವಾಗುತ್ತದೆ. ಮುಂದೆ 1964–66ರ ಕೊಠಾರಿ ಆಯೋಗದ ಕಾರ್ಯಾನುಭವ, 1977ರ ಈಶ್ವರಭಾಯಿ ಪಟೇಲ್ ಸಮಿತಿಯ ಸಮಾಜೋಪಯೋಗಿ ಉತ್ಪಾದಕ ಕಾರ್ಯ, 2020ರ ರಾಷ್ಟ್ರೀಯ ಶಿಕ್ಷಣ ನೀತಿಯ ಚೀಲರಹಿತ ದಿನಗಳು ಎಂದು ಸಾಗುತ್ತದೆ. ವಾರ್ಧಾಕ್ಕೆ ನಾಲ್ಕು ದಶಕ ಮೊದಲು ಆರಂಭವಾದ ಮಂಗಳೂರಿನ ಈ ಪ್ರಯೋಗಕ್ಕೂ ಆ ಸಾಲಿನಲ್ಲಿ ಒಂದು ಜಾಗ ಬೇಕೆಂದು ನನ್ನ ಅಭಿಪ್ರಾಯ.

ಸಭೆಯಲ್ಲೊಂದು ಪೀಠ

ಕಸುಬು ಕಲಿಸಿ ಅಲ್ಲಿಗೇ ನಿಲ್ಲಿಸಿದ್ದರೆ ರಂಗರಾಯರು ಒಳ್ಳೆಯ ದಾನಿ ಎನಿಸಿಕೊಳ್ಳುತ್ತಿದ್ದರು. ಅವರು ಇನ್ನೂ ಮೂರು ಕೆಲಸ ಮಾಡಿದರು. ಸರಕಾರದಿಂದ ಜಮೀನು ಪಡೆದು ದಲಿತ ಕುಟುಂಬಗಳಿಗೆ ಮನೆ ಕಟ್ಟಿಕೊಳ್ಳಲು ಜಾಗ ಮಾಡಿಕೊಟ್ಟರು. ಅತ್ತಾವರದ ಬಾಬುಗುಡ್ಡೆಯಂಥ ಕಡೆಗಳಲ್ಲಿ ಹಾಗೆ ಬಂದ ಕಾಲೊನಿಗಳಿವೆ. ಒಡೆಯನ ನೆಲದಲ್ಲಿ ಗುಡಿಸಲು ಹಾಕಿಕೊಂಡವನ ಮಗ ಶಾಲೆಗೆ ಬರುವುದೂ ಬಿಡುವುದೂ ಒಡೆಯನ ಮರ್ಜಿಗೆ ಸೇರಿದ್ದು ಎಂಬುದನ್ನು ಅವರು ಅರಿತಿದ್ದರು. ಎರಡನೆಯದಾಗಿ, ಆದಿ ದ್ರಾವಿಡರ ಸಹಕಾರ ಸಂಘ ಕಟ್ಟಿದರು, ಸಾಲಕ್ಕಾಗಿ ಮತ್ತೆ ಅದೇ ಒಡೆಯನ ಮನೆಬಾಗಿಲಿಗೆ ಹೋಗದಿರಲೆಂದು.

ಮೂರನೆಯ ಕೆಲಸವೇ ನನ್ನನ್ನು ಹೆಚ್ಚು ಹಿಡಿದು ನಿಲ್ಲಿಸಿದ್ದು. ಮಂಗಳೂರಿನ ಪುರಸಭೆಯಲ್ಲಿ, ದಕ್ಷಿಣ ಕನ್ನಡದ ಜಿಲ್ಲಾ ಬೋರ್ಡಿನಲ್ಲಿ ದಲಿತರ ಪ್ರತಿನಿಧಿಗಳು ಇರಲೇಬೇಕೆಂದು ಅವರು ಪಟ್ಟು ಹಿಡಿದರು. ಆಗ ಅದು ನಾಮನಿರ್ದೇಶನದ ಕಾಲ. ಅವರ ಒತ್ತಾಯದ ಫಲವಾಗಿ ಅಂಗಾರ ಮಾಸ್ತರ್ ಮತ್ತು ಗೋವಿಂದ ಮಾಸ್ತರ್ ಎಂಬ ಇಬ್ಬರು ಆ ಸಭೆಗಳಿಗೆ ಸದಸ್ಯರಾಗಿ ಹೋದರು. ದಲಿತರ ಪರವಾಗಿ ಮಾತನಾಡುವುದು ರಂಗರಾಯರಿಗೆ ಕಷ್ಟದ ಕೆಲಸವಾಗಿರಲಿಲ್ಲ. ಅವರು ವಕೀಲರು, ಮಾತು ಅವರ ವೃತ್ತಿ. ಆದರೂ ತಾವು ಕೂರಬಹುದಾಗಿದ್ದ ಕಡೆ ಆ ಜನರೇ ಕೂರುವಂತೆ ಮಾಡಿದರು. ಆ ಇಬ್ಬರ ಹೆಸರಿನ ಜೊತೆಗೂ ಮಾಸ್ತರ್ ಎಂಬ ಪದವಿರುವುದನ್ನು ನಮ್ಮ ವೃತ್ತಿಯವರು ಸಂತೋಷದಿಂದ ನೆನೆಯಬಹುದು.

ತೆತ್ತ ಬೆಲೆ

ಇದಕ್ಕೆಲ್ಲ ರಂಗರಾಯರ ಮನೆ ಬೆಲೆ ತೆತ್ತಿತು. ಸ್ವಂತ ಸಮುದಾಯ ಅವರಿಗೆ ಬಹಿಷ್ಕಾರ ಹಾಕಿತು. ಬಹಿಷ್ಕಾರ ಎಂದರೆ ಊಟದ ಪಂಕ್ತಿಯಿಂದ ದೂರವಿಡುವುದಷ್ಟೇ ಅಲ್ಲ. ಕ್ಷೌರದವರು, ಅಗಸರು ಮನೆಗೆ ಬರುವುದು ನಿಲ್ಲುತ್ತದೆ. ಹೆಣ್ಣುಮಕ್ಕಳ ಮದುವೆಯ ಮಾತು ನಿಲ್ಲುತ್ತದೆ. ಸತ್ತರೆ ಹೆಗಲು ಕೊಡುವವರಿರುವುದಿಲ್ಲ. ರಂಗರಾಯರು ಬೇರೆಯವರಿಗೆ ಹೇಳಿದ್ದನ್ನು ಮನೆಯೊಳಗೂ ನಡೆಸಿದರು. ಹೆಣ್ಣುಮಕ್ಕಳನ್ನು ಓದಿಸಿದರು. ಮಗಳು ರಾಧಾಬಾಯಿ ಜಾತಿಯ ಗೆರೆ ದಾಟಿ 1912ರಲ್ಲಿ ಪಿ. ಸುಬ್ಬರಾಯನ್ ಅವರನ್ನು ಮದುವೆಯಾದರು. ಸುಬ್ಬರಾಯನ್ ಮುಂದೆ ಮದ್ರಾಸ್ ಪ್ರಾಂತ್ಯದ ಪ್ರಧಾನಿಯಾದರು. ರಾಧಾಬಾಯಿಯವರೂ ಸಾರ್ವಜನಿಕ ಜೀವನಕ್ಕೆ ಬಂದು ಲಂಡನ್ನಿನ ದುಂಡುಮೇಜಿನ ಪರಿಷತ್ತಿನಲ್ಲಿ ಭಾರತದ ಹೆಂಗಸರ ಪರವಾಗಿ ಕುಳಿತರು. ಸಭೆಯಲ್ಲೊಂದು ಪೀಠ ಎಂಬ ಪಾಠವನ್ನು ಮಗಳೂ ಕಲಿತಿದ್ದರು.

ವಯಸ್ಸಾದ ಮೇಲೆ ರಂಗರಾಯರು ಮಿಷನ್ನನ್ನು ತಮ್ಮ ಮನೆತನದ ಆಸ್ತಿಯಂತೆ ಕಟ್ಟಿಕೊಂಡು ಕೂರಲಿಲ್ಲ. ಗೋಖಲೆಯವರು ಸ್ಥಾಪಿಸಿದ್ದ ಸರ್ವೆಂಟ್ಸ್ ಆಫ್ ಇಂಡಿಯಾ ಸೊಸೈಟಿಗೆ ಅದರ ಹೊಣೆ ಒಪ್ಪಿಸಿದರು. 1927ರಲ್ಲಿ ಸಂನ್ಯಾಸ ಸ್ವೀಕರಿಸಿ ಈಶ್ವರಾನಂದರಾದರು. 1928ರ ಜನವರಿ 30ರಂದು ತೀರಿಕೊಂಡರು. ತಮ್ಮ ದೇಹವನ್ನು ಹೊರುವವರು ಸಮಾಜ ಎಲ್ಲರಿಗಿಂತ ಕೆಳಗೆ ಇಟ್ಟಿದ್ದ ತೋಟಿ ಸಮುದಾಯದವರೇ ಆಗಬೇಕೆಂದು ಅವರು ಬಯಸಿದ್ದರು. ಹಾಗೆಯೇ ನಡೆಯಿತು.

ಅವರ ಇನ್ನೊಂದು ಆಸೆ ಮಂಗಳೂರಿನಲ್ಲಿ ಇಂದಿಗೂ ಮನೆಮಾತು. ತಮ್ಮ ಶಾಲೆಯಲ್ಲಿ ಕಲಿತ ಮಗುವೊಂದು ದೊಡ್ಡ ಹುದ್ದೆಗೇರಿ ಊರ ಬೀದಿಯಲ್ಲಿ ಕಾರಿನಲ್ಲಿ ಹೋಗಬೇಕು, ಆ ಕಾರಿನ ಚಕ್ರದಿಂದ ಎದ್ದ ಧೂಳು ತಮ್ಮ ತಲೆಗೆ ತಾಗಬೇಕು, ಆಗ ತಮ್ಮ ಜನ್ಮ ಸಾರ್ಥಕವೆಂದು ಅವರು ಭಾವಿಸಿದ್ದರು. ಶಿಷ್ಯ ತನ್ನ ಕಾಲಿಗೆ ಬೀಳಲೆಂದು ಕಾಯುವ ಗುರುಗಳು ಎಷ್ಟೋ ಮಂದಿ ಇದ್ದಾರೆ. ಶಿಷ್ಯನ ಗಾಡಿಯ ಧೂಳಿಗೆ ತಲೆಯೊಡ್ಡಿ ನಿಲ್ಲಲು ಬಯಸಿದ ಗುರುವನ್ನು ನಾನು ಇವರಲ್ಲಿ ಮಾತ್ರ ಕಂಡೆ.

1934ರ ಫೆಬ್ರವರಿಯಲ್ಲಿ ಗಾಂಧೀಜಿ ಹರಿಜನ ಪ್ರವಾಸದಲ್ಲಿ ನಮ್ಮ ಕೊಡಗಿಗೆ ಬಂದರು. ಪೊನ್ನಂಪೇಟೆಗೆ ಬಂದದ್ದು, ಗುಂಡುಕುಟ್ಟಿಯ ತೋಟದಲ್ಲಿ ಕೊಡಗಿನ ಗೌರಮ್ಮನವರು ತಮ್ಮ ಒಡವೆಗಳನ್ನು ಕೊಟ್ಟದ್ದು ನಮಗೆಲ್ಲ ಗೊತ್ತು. ಅದೇ ಪ್ರವಾಸ ಘಟ್ಟ ಇಳಿದು ಮಂಗಳೂರು ಸೇರಿತು. ಅಲ್ಲಿ ಗಾಂಧೀಜಿ ಡಿ.ಸಿ.ಎಂ. ಸಂಸ್ಥೆಗೆ ಹೋಗಿ, ಆರು ವರ್ಷ ಹಿಂದೆ ತೀರಿಹೋಗಿದ್ದ ರಂಗರಾಯರಿಗೆ ಗೌರವ ಸಲ್ಲಿಸಿದರು. ಅಸ್ಪೃಶ್ಯತಾ ನಿವಾರಣೆಯ ಕೆಲಸದಲ್ಲಿ ಅವರಿಂದ ತಾವು ಪ್ರೇರಣೆ ಪಡೆದುದಾಗಿ ಗಾಂಧೀಜಿ ಅಂದು ನೆನೆದರೆಂದು ಮಂಗಳೂರಿನವರು ಹೇಳುತ್ತಾರೆ.

ಎರಡು ವಹಿಗಳ ಮುಂದೆ ಮತ್ತೆ

ಈಗ ನನ್ನ ಎರಡು ವಹಿಗಳಿಗೆ ಬರುತ್ತೇನೆ. ರಂಗರಾಯರ ಜೀವನ ಓದಿದ ಮೇಲೆ ನನ್ನ ತಪ್ಪು ಎಲ್ಲಿದೆಯೆಂದು ತಿಳಿಯಲು ಕಷ್ಟವಾಗಲಿಲ್ಲ. ಮನೆಯಲ್ಲಿ, ತೋಟದಲ್ಲಿ ಯಾವ ಕೆಲಸ ಮಾಡಿ ಆ ಮಕ್ಕಳ ಕೈ ಚುರುಕಾಗಿತ್ತೋ ಅದೇ ಕೆಲಸವನ್ನು ನಾನು ಶಾಲೆಯಲ್ಲೂ ಕೊಟ್ಟಿದ್ದೆ. ಹೊಸ ಸಲಕರಣೆ, ಅಂದರೆ ಲೆಕ್ಕದ ಪುಸ್ತಕ ಮತ್ತು ಹಣದ ಡಬ್ಬಿ, ಅವುಗಳನ್ನು ಆಗಲೇ ಬಲ್ಲವರ ಕೈಗೇ ಹೋಗಿತ್ತು. ಸಂಸತ್ತಿಗೆ ನಿಲ್ಲುವ ನಿಯಮವೂ ಅಷ್ಟೆ. ಮೂರು ನಿಮಿಷದ ಭಾಷಣ ಕನ್ನಡದಲ್ಲಿ ಸರಾಗವಾಗಿ ಮಾತನಾಡುವವರನ್ನು ಆರಿಸುತ್ತದೆ, ಶಾಲೆಯ ಕೆಲಸ ಬಲ್ಲವರನ್ನು ಆರಿಸುವುದಿಲ್ಲ.

ಒಂಬತ್ತನೇ ತರಗತಿಯ ಹುಡುಗಿಯೊಬ್ಬಳ ವಿಷಯ ಹೇಳಬೇಕು. ಕಾಯಜ ಸಂತಾನೋತ್ಪತ್ತಿಯ ಪ್ರಾತ್ಯಕ್ಷಿಕೆ ಮಾಡುವಾಗ ನಾನು ಮೆಣಸಿನ ಬಳ್ಳಿಯ ಒಂದು ತುಂಡನ್ನು ತಲೆಕೆಳಗಾಗಿ ನೆಟ್ಟಿದ್ದೆ. ಆಕೆ ಏನೂ ಹೇಳದೆ ಅದನ್ನು ಕಿತ್ತು, ಬೇರು ಬರಬೇಕಾದ ಗೆಣ್ಣನ್ನು ಕೆಳಗೆ ಮಾಡಿ ನೆಟ್ಟಳು. ನನ್ನ ಪಾಠಯೋಜನೆಯಲ್ಲಿ ಇಲ್ಲದ ತಿಳಿವಳಿಕೆ ಆಕೆಯ ಬೆರಳುಗಳಲ್ಲಿತ್ತು. ಆಕೆ ಚುನಾವಣೆಗೆ ನಿಂತಿರಲಿಲ್ಲ. ನಿಲ್ಲಬಹುದೆಂದು ಆಕೆಗೆ ಅನ್ನಿಸುವಂತೆ ನಾನು ಏನನ್ನೂ ಮಾಡಿರಲಿಲ್ಲ.

ಮುಖ್ಯ ಶಿಕ್ಷಕರ ಮತ್ತು ಮಾರ್ಗದರ್ಶಕ ಶಿಕ್ಷಕರ ಒಪ್ಪಿಗೆ ಪಡೆದು ಮೂರು ಬದಲಾವಣೆ ಮಾಡಿದೆವು. ವೃತ್ತಿ ಸಂಘದ ಕೆಲಸಗಳು ವಾರಕ್ಕೊಮ್ಮೆ ಸರದಿಯಂತೆ ಬದಲಾಗಬೇಕು: ಈ ವಾರ ಮಣ್ಣು ತುಂಬಿದವರು ಮುಂದಿನ ವಾರ ಲೆಕ್ಕ ಬರೆಯಬೇಕು, ಲೆಕ್ಕ ಬರೆದವರು ಮಣ್ಣು ತುಂಬಬೇಕು. ಸಸಿ ಮಾರಿದ ಹಣದ ಲೆಕ್ಕವನ್ನು ತಿಂಗಳಿಗೊಮ್ಮೆ ಸಂಸತ್ತಿನ ಸಭೆಯಲ್ಲಿ ಓದಿ, ಖರ್ಚಿನ ತೀರ್ಮಾನ ಅಲ್ಲೇ ಆಗಬೇಕು. ಪ್ರತಿ ಸಂಘದಿಂದ ಒಬ್ಬ ಪ್ರತಿನಿಧಿ ಸಂಸತ್ತಿಗೆ ಹೋಗಬೇಕು, ಆ ಪ್ರತಿನಿಧಿಯನ್ನು ಸಂಘದಲ್ಲಿ ದುಡಿದ ಮಕ್ಕಳೇ ಆರಿಸಬೇಕು, ಭಾಷಣದ ನಿಯಮ ಅವರಿಗಿಲ್ಲ. ಸಂಘದ ಮಕ್ಕಳು ಆರಿಸಿದ್ದು ಆ ಹುಡುಗಿಯನ್ನು.

ಸರದಿಯ ಮೊದಲ ವಾರ ಲೆಕ್ಕದ ಪುಸ್ತಕದಲ್ಲಿ ಕೂಡಿಸಿದ್ದು ತಪ್ಪಾಯಿತು, ಹೊಡೆದು ಬರೆದದ್ದೂ ಹೆಚ್ಚಾಯಿತು. ಲೆಕ್ಕ ಬರೆದು ರೂಢಿಯಿದ್ದವರು ತುಂಬಿದ ಚೀಲಗಳೂ ಸಡಿಲವಾಗಿ ನೀರು ಹಾಕಿದೊಡನೆ ಕುಸಿದವು. ಇದರಿಂದ ಯಾರಿಗೂ ನಷ್ಟವಾಗಲಿಲ್ಲ, ಒಬ್ಬರ ಕೆಲಸ ಇನ್ನೊಬ್ಬರಿಗೆ ಎಷ್ಟು ಕಷ್ಟವೆಂದು ತಿಳಿಯಿತು. ಸರಿ ಮಾಡುವುದನ್ನು ಅವರೇ ಒಬ್ಬರಿಗೊಬ್ಬರು ಹೇಳಿಕೊಟ್ಟರು. ಗುಂಪು ಕಲಿಕೆಯೆಂದು ನಾನು ಪಾಠಯೋಜನೆಯಲ್ಲಿ ಬರೆಯುತ್ತಿದ್ದ ಮಾತಿಗೆ ಅರ್ಥ ಬಂದದ್ದು ಆ ವಾರ.

ಸಂಸತ್ತಿನ ಮೊದಲ ಸಭೆಯಲ್ಲಿ ಹುಡುಗಿ ಹೆಚ್ಚು ಮಾತನಾಡಲಿಲ್ಲ. ಕೇಳಿದ್ದು ಒಂದೇ ಸಂಗತಿ, ಸಭೆಯ ಸಮಯದ ಬಗ್ಗೆ. ಸಭೆಯನ್ನು ನಾನು ಶಾಲೆ ಬಿಟ್ಟ ಮೇಲೆ ಇಟ್ಟಿದ್ದೆ. ತೋಟದ ದಾರಿಯಲ್ಲಿ ನಡೆದು ಹೋಗುವ ಮಕ್ಕಳು ಆನೆ ಇಳಿಯುವ ಹೊತ್ತಿಗೆ ಮೊದಲೇ ಮನೆ ಸೇರಬೇಕು, ಹಾಗಾಗಿ ಸಂಜೆಯ ಸಭೆಗೆ ಅವರು ಬರಲಾಗದು. ಪೇಟೆಯ ಪಕ್ಕದಲ್ಲಿ ಮನೆಯಿರುವ ಮಂತ್ರಿಗಳಿಗೂ ಹೊ­ರಗಿನಿಂದ ಬಂದ ನನಗೂ ಈ ಯೋಚನೆ ಬಂದೇ ಇರಲಿಲ್ಲ. ಸಭೆಯನ್ನು ಮಧ್ಯಾಹ್ನದ ಊಟದ ನಂತರಕ್ಕೆ ಬದಲಾಯಿಸಿದೆವು. ಅಂಗಾರ ಮಾಸ್ತರ್ ಮತ್ತು ಗೋವಿಂದ ಮಾಸ್ತರ್ ಆ ಸಭೆಗಳಲ್ಲಿ ಕೂರಬೇಕೆಂದು ರಂಗರಾಯರು ಏಕೆ ಹಟ ಹಿಡಿದರೆಂದು ಅಂದು ನನಗೆ ಸ್ಪಷ್ಟವಾಯಿತು. ಕೆಲವು ಸಂಗತಿಗಳು ಅವನ್ನು ಬದುಕುತ್ತಿರುವವರು ಎದುರಿಗೆ ಕೂರುವ ತನಕ ಉಳಿದವರ ತಲೆಗೆ ಬರುವುದೇ ಇಲ್ಲ.

ಪ್ರಶಿಕ್ಷಣಾರ್ಥಿಗಳಾದ ನಮಗೆ ಈ ಜೀವನದಿಂದ ಒಂದು ಎಚ್ಚರಿಕೆಯೂ ಇದೆ. ರಂಗರಾಯರ ಕಾಲದಲ್ಲಿ ಪ್ರತಿನಿಧಿಗಳು ನಾಮನಿರ್ದೇಶನದಿಂದ ಬಂದರು, ಅವರಿಗಾಗಿ ವಾದಿಸಲು ದೊಡ್ಡ ಜಾತಿಯ ವಕೀಲರೊಬ್ಬರು ಬೇಕಾದರು. ಈಗ ಸಂವಿಧಾನವಿದೆ, ಮತವಿದೆ. ಶಾಲಾ ಸಂಸತ್ತಿನಲ್ಲಿ ಶಿಕ್ಷಕರು ಮೇಲಿನಿಂದ ಒಬ್ಬಿಬ್ಬರನ್ನು ಕರುಣೆಯಿಂದ ಹೆಸರಿಸಿ, ಸ್ವಚ್ಛತಾ ಮಂತ್ರಿಯೆಂಬ ಬಿರುದು ಕೊಟ್ಟು ಪೊರಕೆ ಹಿಡಿಸಿದರೆ ನಾವು ರಂಗರಾಯರಿಗಿಂತ ಹಿಂದಕ್ಕೆ ಹೋದಂತೆ. ಆರಿಸುವ ನಿಯಮವನ್ನು ಸರಿಪಡಿಸುವುದು ನಮ್ಮ ಕೆಲಸ, ಆರಿಸುವುದು ಮಕ್ಕಳ ಕೆಲಸ.

ಕೊನೆಗೆ ಹಾಜರಿ ಪುಸ್ತಕದ ಮಾತು. ಹಿಂದಿನ ವರ್ಷದ ಪುಟಗಳನ್ನು ತಿರುವಿದಾಗ ಜನವರಿ, ಫೆಬ್ರವರಿಯಲ್ಲಿ ಕೆಲವು ಹೆಸರುಗಳ ಮುಂದೆ ಸಾಲು ಸಾಲು ಗೈರುಹಾಜರಿ ಕಂಡಿತು. ಅದು ಕಾಫಿ ಕೊಯ್ಲಿನ ಕಾಲ. ಇಡೀ ಮನೆ ತೋಟಕ್ಕೆ ಹೋಗುತ್ತದೆ, ಕೊಯ್ದ ಕಿಲೋ ಲೆಕ್ಕದಲ್ಲಿ ಕೂಲಿ. ದಿನಕ್ಕಿಷ್ಟು ಪೈಸೆಯೆಂದು ರಂಗರಾಯರು ಎಣಿಸಿಕೊಟ್ಟದ್ದು ಇದೇ ಲೆಕ್ಕಕ್ಕೆ ಎದುರಾಗಿ. ಬೋಧನಾಭ್ಯಾಸ ಮುಗಿಸಿ ಹೊರಡುವ ಮುನ್ನ ನಡೆದ ಸಂಸತ್ತಿನ ಸಭೆಯಲ್ಲಿ ಸಸಿ ಮಾರಿದ ಹಣವನ್ನು ಏನು ಮಾಡಬೇಕೆಂಬ ಚರ್ಚೆ ಬಂತು. ಕ್ರೀಡಾ ಮಂತ್ರಿ ಚೆಂಡು ಕೇಳಿದ. ಸಂಘದ ಪ್ರತಿನಿಧಿ ಕೇಳಿದ್ದು ಬೇರೆ: ಕೊಯ್ಲಿನ ತಿಂಗಳುಗಳಲ್ಲಿ ತಪ್ಪಿಹೋಗುವ ಪಾಠಗಳ ಟಿಪ್ಪಣಿ ಬರೆದಿಡಲು ನೋಟ್ ಪುಸ್ತಕಗಳು, ಮತ್ತು ಅದನ್ನು ಬರೆದು ಲೈನ್ ಮನೆಗೆ ತಲುಪಿಸುವ ಹೊಣೆ ಸಂಸತ್ತಿನದೇ ಆಗಬೇಕು. ಚರ್ಚೆ ಸ್ವಲ್ಪ ಹೊತ್ತು ನಡೆಯಿತು. ಒಂದು ಚೆಂಡು ಮತ್ತು ನೋಟ್ ಪುಸ್ತಕಗಳು ಎಂದು ತೀರ್ಮಾನವಾಯಿತು. ಆ ನಿರ್ಣಯವನ್ನು ವಹಿಯಲ್ಲಿ ಬರೆದದ್ದು ಆ ವಾರ ಲೆಕ್ಕದ ಸರದಿಯಲ್ಲಿದ್ದ ಮಗು. ಅಕ್ಷರ ಸ್ವಲ್ಪ ಸೊಟ್ಟ, ತಪ್ಪು ಮಾತ್ರ ಇರಲಿಲ್ಲ.